ಬೀಗರ ಪೊಬೆದಾ

ಏಪ್ರಿಲ್ 12, ಶನಿವಾರ

ಇಂದು ಗ್ಯಾರೇಜುಗಳ ಅಂಗಳದಲ್ಲಿ ನಮ್ಮ ಕ್ಲಬ್ಬಿನ ಹದಿನೇಳು ಹಳೆಯ ಗಾಡಿಗಳು. ಬಿಸಿಲಿತ್ತು, ಗುಡ್ಡದ ಮೇಲೆ ಹಿಮ ಇನ್ನೂ ಉಳಿದಿದೆ. ಚಹಾ ಆಗುವ ತನಕ ಎಂದಿನ ಆಟ. ನಾನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಲ್ಲುವುದು, ಕ್ಲಬ್ಬಿನ ಲೆಕ್ಕ ಬರೆಯುವ ಗೆನಾ ಒಂದೊಂದೇ ಗಾಡಿಯ ಬಾಗಿಲನ್ನು ತೆರೆದು ಮುಚ್ಚುವುದು, ಸದ್ದು ಕೇಳಿ ನಾನು ಹೆಸರು ಹೇಳುವುದು. ಒಂಬತ್ತಕ್ಕೆ ಒಂಬತ್ತೂ ಸರಿ ಹೇಳಿದೆ. ಒಂದು ವೋಲ್ಗಾ ಕಾರಿಗೆ ಮಾತ್ರ ಎರಡು ಸಲ ಬಾಗಿಲು ಹಾಕಿಸಿದೆ. ಅದರ ಎಡಬಾಗಿಲು ಬೇರೆ ಗಾಡಿಯದು. ಆ ಸಂಗತಿ ಅದರ ಯಜಮಾನನಿಗೇ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಬೀಗರು ಬಂದರು, ಲಾರಿಯ ಮೇಲೆ ಒಂದು ಗಾಡಿ ಹೇರಿಕೊಂಡು. ತೊಕ್ತಾಸಿನ್ ನಮ್ಮ ಮಗಳು ಕಮ್ಶಾತ್‌ಳ ಮಾವ. ಬೀಗತನ ಎರಡು ವರ್ಷದ್ದು, ಜಗಳ ಇಪ್ಪತ್ತು ವರ್ಷದ್ದು. ಗಾಡಿ ಎಂದರೆ ಮದುಮಗಳ ಹಾಗೆ ಹೊಳೆಯಬೇಕು ಎನ್ನುವ ಮನುಷ್ಯ. ತಿಮಿಂಗಿಲದ ಮೀಸೆಯಂಥ ಜಾಲರಿಯ ವೋಲ್ಗಾ ಕಂಡರೆ ಕೈ ಮುಗಿಯುತ್ತಾರೆ. ನನಗೆ ಮೊದಮೊದಲು ಬಂದ, ಜಾಲರಿಯಲ್ಲಿ ನಕ್ಷತ್ರವಿದ್ದ ವೋಲ್ಗಾ ಒಂದೇ ವೋಲ್ಗಾ, ಉಳಿದದ್ದೆಲ್ಲ ಜುಟ್ಟಿಗೆ ಮಲ್ಲಿಗೆ. ಮೂಗಿನಿಂದ ಬಾಲದವರೆಗೆ ಗಾಡಿಯ ಗೆರೆ ಒಂದೇ ಉಸಿರಿಗೆ ಹೋಗಬೇಕು.

ತಂದದ್ದು ಪೊಬೆದಾ, ವೋಲ್ಗಾಕ್ಕಿಂತ ಹಿಂದಿನ ಸೋವಿಯತ್ ಕಾರು. ಬೀಗರ ಹುಟ್ಟೂರಲ್ಲಿ, ದಾಯಾದಿಯೊಬ್ಬರ ಕುರಿಹಟ್ಟಿಯೊಳಗೆ ಸಿಕ್ಕಿತಂತೆ. ಹಿಂದಿನ ಸೀಟಿನಲ್ಲಿ ಹಿಕ್ಕೆ ಇತ್ತು.

“ಬೀಗ್ರೇ, ಇದು ಎಂ-72. ನಾಲ್ಕೂ ಗಾಲಿ ಎಳಿಯೋ ಪೊಬೆದಾ. ನೀವು ಮೂವತ್ತು ವರ್ಷದಿಂದ ಹುಡುಕ್ತಾ ಇರೋದು ನಮ್ಮೂರ ಕುರಿ ಜೊತೆ ಮಲಗಿತ್ತು ನೋಡಿ!” ಎಂದರು. ಎಲ್ಲರೂ ಸುತ್ತ ನೆರೆದರು.

ಕಂಬಳಿ ಹಾಸಿ ಗಾಡಿಯ ಕೆಳಗೆ ಮಲಗಿದೆ. ಕೆಲಸ ಎಂಟು ನಿಮಿಷದ್ದು. ನಿಜವಾದ ಎಂ-72ಕ್ಕೆ ಕೆಳಗೆ ಬೇರೆ ಚೌಕಟ್ಟು ಇರುವುದಿಲ್ಲ, ಒಡಲೇ ಚೌಕಟ್ಟು. ಇದರ ಕೆಳಗೆ, ಜನ ‘ಮೇಕೆ’ ಎಂದು ಕರೆಯುವ ಹಳೆಯ ಸೇನಾ ಜೀಪಿನ ಉಕ್ಕಿನ ಚೌಕಟ್ಟು ನೆಟ್ಟಗೆ ಬೆಸೆದುಕೊಂಡು ಕೂತಿತ್ತು. ಸಾಮಾನ್ಯ ಪೊಬೆದಾದ ಮೈಯನ್ನು ಮೇಕೆಯ ಬೆನ್ನ ಮೇಲೆ ಕೂರಿಸಿ ಅಪರೂಪದ ಗಾಡಿ ಎಂದು ಮಾರುವುದು ಹಳೆಯ ಚಾಳಿ. ಇಂಥವು ಮೂರು ನಾನೇ ಹಿಡಿದಿದ್ದೇನೆ. ಫೋಟೊ ತೆಗೆದುಕೊಂಡು ಹೊರಗೆ ಬಂದು, “ನಕಲಿ” ಎಂದೆ.

“ನಮ್ಮಪ್ಪ ಇದೇ ಗಾಡೀನ ಸರ್ಕಾರಿ ಫಾರ್ಮಲ್ಲಿ ಓಡಿಸ್ತಾ ಇದ್ದಿದ್ದು ಬೀಗ್ರೇ. ಚಿಕ್ಕವನಿದ್ದಾಗ ನಾನೇ ಕೂತಿದೀನಿ.”

“ಎಲ್ಲರ ಅಪ್ಪನೂ ಎಂ-72 ಓಡಿಸಿದೋರೇ. ಕಾರ್ಖಾನೆ ಮಾಡಿದ್ದು ಕೆಲವೇ ಸಾವಿರ ಗಾಡಿ, ಓಡಿಸಿದ ಅಪ್ಪಂದಿರು ಮಾತ್ರ ಲಕ್ಷ ಜನ.”

ಚೆನ್ನಾಗಿ ಹೇಳಿದೆ ಅನ್ನಿಸಿತು. ಎಲ್ಲರೂ ನಕ್ಕರು, ಬೀಗರೂ ನಕ್ಕರು. ಗೆನಾ ಕ್ಲಬ್ಬಿನ ಪಟ್ಟಿಯಲ್ಲಿ ‘ನಕಲಿ’ ಎಂದು ಬರೆದುಕೊಂಡ. ಮೇ ಒಂಬತ್ತರ ವಿಜಯ ದಿನದ ಮೆರವಣಿಗೆಗೆ ಅಸಲಿ ಗಾಡಿಗಳಷ್ಟೇ ಹೋಗುವುದರಿಂದ ಅವರ ಹೆಸರು ಬಿಟ್ಟುಹೋಯಿತು.

ಏಪ್ರಿಲ್ 13, ಭಾನುವಾರ

ಬೀಗರ ಮನೆಯಲ್ಲಿ ಊಟ. ನಿನ್ನೆ ಅಷ್ಟೆಲ್ಲ ಆಗಿದ್ದರೂ ದೊಡ್ಡ ಅತಿಥಿಗೆ ಸಲ್ಲುವ ಬೇಯಿಸಿದ ಕುರಿತಲೆಯನ್ನು ನನ್ನ ಮುಂದೆಯೇ ಇಟ್ಟರು. ಪದ್ಧತಿಯಂತೆ ಕಿವಿ ಕೊಯ್ದು ಮನೆಯ ಚಿಕ್ಕವರಿಗೆ ಕೊಟ್ಟೆ. ಮಾಂಸ ಹದವಾಗಿ ಬೆಂದಿತ್ತು.

ವೋಲ್ಗಾದ ಜಾಲರಿಯ ವಿಷಯ ತೆಗೆದೆ. “ನೀವು ಹೇಳಿದ್ದೇ ಸರಿ ಇರ್ಬೋದು ಬೀಗ್ರೇ” ಎಂದರು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ವಾದ ಅಲ್ಲಿಗೇ ಮುಗಿಯಿತು.

ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ರೌಶಾನ್, “ಬೀಗರು ಮರ್ಯಾದೆ ಮಾಡಿದ್ದು ನೋಡಿದ್ರಾ? ನನಗೆ ಹೆದರಿಕೆ ಆಯ್ತು” ಎಂದಳು.

“ಮರ್ಯಾದೆ ಮಾಡಿದ್ರೆ ಹೆದರಿಕೆ ಯಾಕೆ?”

“ನಿಮಗೆ ಗಾಡಿ ಕೆಳಗೆ ಮಲಗಿದ್ರೆ ಎಲ್ಲಾ ಕಾಣುತ್ತೆ. ಎದುರಿಗೆ ಕೂತ ಮನುಷ್ಯನ ಮುಖ ಕಾಣಲ್ಲ.”

ಹೆಂಗಸರ ಮಾತು ಎಂದು ಬಿಟ್ಟೆ.

ಏಪ್ರಿಲ್ 19, ಶನಿವಾರ

ಬೀಗರು ಬರಲಿಲ್ಲ. ವೋಲ್ಗಾದ ಹಿಂಭಾಗದ ರೆಕ್ಕೆಗಳ ಬಗ್ಗೆ ಗೆನಾ ಏನೋ ಹೇಳಿದ, ನಾನು ಅಲ್ಲ ಎಂದೆ, ಅವನು ತಕ್ಷಣ ಒಪ್ಪಿಕೊಂಡ. ಒಪ್ಪುವವರ ಜೊತೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಬೇಗ ಮನೆಗೆ ಬಂದೆ.

ಏಪ್ರಿಲ್ 24, ಗುರುವಾರ

ಕಮ್ಶಾತ್ ಫೋನ್ ಮಾಡಿದ್ದಳು. ಅವಳಿಗೆ ಆರನೇ ತಿಂಗಳು, ಆರೋಗ್ಯವಾಗಿದ್ದಾಳೆ. ಮಾತು ಮುಗಿಯುವ ಹೊತ್ತಿಗೆ ಹೇಳಿದಳು:

“ಅಪ್ಪಾ, ಮಾವ ಆ ಪೊಬೆದಾದ ಛಾವಣಿ ಕತ್ತರಿಸ್ತಾರಂತೆ.”

“ಯಾಕೆ?”

“ಮದುವೆಗೆ ಬಾಡಿಗೆ ಬಿಡೋಕೆ. ತೆರೆದ ಗಾಡೀಲಿ ಮದುಮಕ್ಕಳು ನಿಂತು ಕೈ ಬೀಸೋದು ಈಗ ಫ್ಯಾಷನ್. ಅಸಲಿ ಆಗಿದ್ರೆ ಮುಟ್ತಿರ್ಲಿಲ್ಲ, ನಕಲಿ ಅಂತ ನಿಮ್ಮಪ್ಪನೇ ಹೇಳಿದಾರೆ, ನಕಲಿಗೆ ಯಾವ ಮಡಿ ಅಂತಾರೆ. ವೆಲ್ಡರ್‌ಗೆ ಮೇ ಹತ್ತರ ಮೇಲೆ ಬಿಡುವಂತೆ.”

“ಒಳ್ಳೇದು. ಅವರ ಗಾಡಿ, ಅವರಿಷ್ಟ.”

ಅವಳು ಫೋನ್ ಇಡುವ ಮುಂಚೆ, “ರಾತ್ರಿ ಊಟ ಆದ್ಮೇಲೆ ಮಾವ ಅದರೊಳಗೆ ಹೋಗಿ ಒಬ್ಬರೇ ಕೂತಿರ್ತಾರೆ” ಎಂದಳು.

ಕಾರ್ಖಾನೆಯವರೇ ಮಾಡಿದ ತೆರೆದ ಪೊಬೆದಾಗಳಲ್ಲಿ ಬಾಗಿಲ ಮೇಲಿನ ಪಟ್ಟಿಯನ್ನು ಉಳಿಸಿಕೊಂಡು, ನಡುವಿನದನ್ನಷ್ಟೇ ತೆಗೆದು ಬಟ್ಟೆ ಹಾಕಿದ್ದರು. ಪೂರ್ತಿ ಕತ್ತರಿಸಿದರೆ ಬೆನ್ನಿನ ಇಳಿಜಾರು ಹಾಳಾಗುತ್ತದೆ. ಪೊಬೆದಾದ ಸೊಗಸು ಇರುವುದೇ ಅಲ್ಲಿ. ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

ಏಪ್ರಿಲ್ 26, ಶನಿವಾರ

ಬರಲಿಲ್ಲ.

ಮೇ 1, ಗುರುವಾರ

ನನ್ನ ವೋಲ್ಗಾದ ಮುಂದೀಪದ ಸುತ್ತ ಕೂರುವ ಬಳೆ ಒಂದು ಬೇಕಿತ್ತು. ತಾಲ್ದಿಕೊರ್ಗಾನ್ ಪಟ್ಟಣದ ಆಚೆ ಒಬ್ಬ ಮುದುಕನ ಹತ್ತಿರ ಇದೆಯೆಂದು ಕೇಳಿ ಹೋದೆ. ಬೀಗರ ಹುಟ್ಟೂರು ಅಲ್ಲಿಂದ ಎರಡು ಗುಡ್ಡ ದಾಟಿದರೆ ಸಿಗುತ್ತದೆ. ಅದಕ್ಕಾಗಿ ಹೋದದ್ದಲ್ಲ.

ಮುದುಕನಿಗೆ ಎಂಬತ್ತಮೂರು. ಹಿಂದೆ, ಬೀಗರು ಹೇಳಿದ ಅದೇ ಸರ್ಕಾರಿ ಫಾರ್ಮಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದನಂತೆ. ಚಹಾ ಕೊಟ್ಟ, ಒಣಮೊಸರಿನ ಉಂಡೆ ಕೊಟ್ಟ, ಬಳೆ ಹುಡುಕುತ್ತ ಮಾತು ತೆಗೆದ. ನಾನಾಗಿ ಏನನ್ನೂ ಕೇಳಲಿಲ್ಲ. ಪೊಬೆದಾ ಎಂಬ ಹೆಸರು ಹೇಗೋ ಬಾಯಿಗೆ ಬಂತು.

“ನಾಲ್ಕು ಗಾಲಿದಾ? ಆರು ಇತ್ತು ನಮ್ಮಲ್ಲಿ. ಪಾಪ, ಗಾಡಿ ಚಿನ್ನದಂಥವು. ನಮ್ಮೋರು ರಾಕ್ಷಸರು. ಉತ್ತ ಹೊಲದ ಮೇಲೆ ಹನ್ನೆರಡು ಕುರಿ ತುಂಬ್ಕೊಂಡು ಓಡ್ಸೋರು. ಆನೆ ಆದ್ರೂ ಸೊಂಟ ಮುರ್ಕೊಳುತ್ತೆ. ಅರವತ್ತೊಂದರ ಚಳಿಗಾಲದಲ್ಲಿ ಆರಕ್ಕೂ ತಳ ಬಿಟ್ಟೋಯ್ತು.”

“ಆಮೇಲೆ?”

“ಆಮೇಲೇನು? ಒಡೆದ ಮೇಕೆ ಜೀಪು ರಾಶಿ ಬಿದ್ದಿತ್ತು. ಅದರ ಚೌಕಟ್ಟು ತಂದು ಕೆಳಗೆ ಬೆಸೆದೆ. ಆರಕ್ಕೂ ನಾನೇ, ಇದೇ ಕೈಯಲ್ಲಿ. ಮೇಲೆ ತಳಕ್ಕೆ ಕಾರ್ಖಾನೆಯೋರು ಹಾಕಿದ್ದ ಬಲಪಟ್ಟಿ ಇದ್ದ ಹಾಗೇ ಬಿಟ್ಟೆ, ತೆಗಿಯೋಕೆ ಯಾರಿಗೆ ಪುರುಸೊತ್ತು?”

ಬಳೆ ಸಿಕ್ಕಿತು. ಅಳತೆ ಸರಿ ಇಲ್ಲ. ಆದರೂ ತಂದೆ.

ಮೇ 2, ಶುಕ್ರವಾರ

ಏಪ್ರಿಲ್ ಹನ್ನೆರಡರ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಹನ್ನೊಂದು ಫೋಟೊ. ಹತ್ತರಲ್ಲಿ ಚೌಕಟ್ಟು ಮಾತ್ರ ಇದೆ. ಏಳನೆಯದರ ಮೂಲೆಯಲ್ಲಿ, ಚೌಕಟ್ಟಿಗೂ ತಳಕ್ಕೂ ನಡುವಿನ ಕತ್ತಲಲ್ಲಿ, ಉದ್ದಕ್ಕೆ ಒಂದು ಉಬ್ಬು ಕಾಣುತ್ತದೆ. ಎಂ-72ಕ್ಕೆ ಕಾರ್ಖಾನೆಯವರು ಹಾಕುತ್ತಿದ್ದ ಬಲಪಟ್ಟಿ ಇರುವ ಜಾಗ ಅದೇ. ಸಾಮಾನ್ಯ ಪೊಬೆದಾಕ್ಕೆ ಅದು ಇರುವುದಿಲ್ಲ.

ಚೌಕಟ್ಟು ಕಂಡ ಮೇಲೆ ನಾನು ಅದರ ಮೇಲೆ ನೋಡಿರಲಿಲ್ಲ. ದುರಸ್ತಿಯನ್ನು ಮೋಸ ಎಂದುಕೊಂಡೆ.

ಅಂದರೆ ಹಾಗೆ ಆಗಿರುವ ಸಾಧ್ಯತೆ ಇದೆ. ನೂರಕ್ಕೆ ತೊಂಬತ್ತು. ಒಂದು ಫೋಟೊದ ಮೂಲೆಯನ್ನು ನಂಬಿ ತೀರ್ಪು ತಿರುಗಿಸುವುದು ಶಾಸ್ತ್ರವಲ್ಲ. ಕಾರ್ಖಾನೆ ಇರುವ ವೋಲ್ಗಾ ನದಿಯ ದಂಡೆಯ ಪರಿಚಯದವರೊಬ್ಬರಿಗೆ ಬರೆದು ಹಳೆಯ ನಕ್ಷೆ ತರಿಸಿಕೊಳ್ಳಬೇಕು. ವೆಲ್ಡರ್ ಬರುವುದು ಹತ್ತರ ಮೇಲೆ, ಸಮಯ ಇದೆ.

ಮೇ 5, ಸೋಮವಾರ

ಬೀಗರಿಗೆ ಒಂದು ಕಾಗದ ಬರೆಯಲು ಕೂತೆ. ‘ಹೆಚ್ಚಿನ ಪರಿಶೀಲನೆಯ ಅಗತ್ಯ ಕಂಡುಬಂದಿರುವುದರಿಂದ’ ಎಂದು ಶುರು ಮಾಡಿದೆ. ಮೂರು ಹಾಳೆ ಹರಿದೆ. ರೌಶಾನ್ ಹಿಂದೆ ನಿಂತು ಓದಿದ್ದಾಳೆ, ನಾನು ನೋಡಲಿಲ್ಲ.

“ಇದೇನು, ಬೀಗರಿಗೋ ಮಂತ್ರಿಗಳಿಗೋ?”

“ವಿಷಯ ಸೂಕ್ಷ್ಮವಾದ್ದು.”

“ಏನು ಸೂಕ್ಷ್ಮ? ತಪ್ಪು ನೋಡಿದೆ ಬೀಗ್ರೇ, ನಿಮ್ಮ ಗಾಡಿ ಅಸಲಿ, ಛಾವಣಿ ಮುಟ್ಬೇಡಿ. ಫೋನಲ್ಲಿ ಅರ್ಧ ನಿಮಿಷ.”

“ನಕ್ಷೆ ಬರಲಿ.”

“ಬಿದ್ರೂ ಮೀಸೆ ಮಣ್ಣಾಗಬಾರದು ಅಲ್ವಾ?” ಎಂದು ಅಡುಗೆಮನೆಗೆ ಹೋದಳು. ಸಂಜೆ ಚಹಾಕ್ಕೆ ಹಾಲು ಹಾಕಿರಲಿಲ್ಲ.

ಮೇ 9, ಶುಕ್ರವಾರ

ಮೆರವಣಿಗೆ. ನಮ್ಮ ಇಪ್ಪತ್ತಮೂರು ಗಾಡಿಗಳು. ಮುಂದಿನ ವೋಲ್ಗಾ ನನ್ನದೇ. ಬಾನೆಟ್ಟಿನ ಮೇಲಿನ ಜಿಂಕೆಗೆ ಬೆಳಿಗ್ಗೆ ಎದ್ದು ಪಾಲಿಶ್ ಹಾಕಿದ್ದೆ. ಹುಡುಗಿಯರು ಹೂವು ಎಸೆದರು.

ಎರಡನೇ ತಿರುವಿನಲ್ಲಿ ಬೀಗರು ಕಂಡರು. ರಸ್ತೆ ಬದಿಯಲ್ಲಿ ಜನರ ನಡುವೆ, ಅಪ್ಪನ ಪದಕಗಳನ್ನು ಕೋಟಿಗೆ ಸಿಕ್ಕಿಸಿಕೊಂಡು ನಿಂತಿದ್ದರು. ನನ್ನನ್ನು ಕಂಡು ಟೋಪಿ ಎತ್ತಿದರು. ನಾನು ಹಾರ್ನ್ ಮಾಡಿದೆ. ಇಳಿದು ಹೋಗಿ ಮಾತಾಡಬಹುದಿತ್ತು, ಆದರೆ ಹಿಂದೆ ಇಪ್ಪತ್ತೆರಡು ಗಾಡಿಗಳಿದ್ದವು.

ನಕ್ಷೆ ಬಂದಿಲ್ಲ. ನಾಳೆ ಹೋಗಿ ಬಾಯಲ್ಲೇ ಹೇಳುವುದೆಂದು ತೀರ್ಮಾನ.

ಮೇ 10, ಶನಿವಾರ

ಹೋದೆ. ಬೆಳಿಗ್ಗೆ ಎಂಟಕ್ಕೇ ಹೋದೆ.

ಛಾವಣಿ ಗೋಡೆಗೆ ಒರಗಿ ನಿಂತಿತ್ತು.

ವೆಲ್ಡರ್‌ಗೆ ಏಳನೇ ತಾರೀಖೇ ಬಿಡುವಾಯಿತಂತೆ. ನಿನ್ನೆ ಬೀಗರು ಟೋಪಿ ಎತ್ತುವ ಹೊತ್ತಿಗೆ ಅದು ಕತ್ತರಿಸಿ ಎರಡು ದಿನವಾಗಿತ್ತು. ನಾನು ಆ ಎರಡು ದಿನವೂ ಅಂಚೆಯವನನ್ನು ಕಾಯುತ್ತಿದ್ದೆ.

ನೇರವಾಗಿ ಗಾಡಿಯ ಕೆಳಗೆ ಮಲಗಿದೆ. ಕಂಬಳಿ ಹಾಸಿಕೊಳ್ಳಲಿಲ್ಲ. ಚೌಕಟ್ಟಿನ ಮೇಲೆ ಕೈ ತೂರಿಸಿದೆ. ಬಲಪಟ್ಟಿ ಇತ್ತು. ಮುದುಕನ ಬೆಸುಗೆಯೂ ಬೆರಳಿಗೆ ಸಿಕ್ಕಿತು. ಅದು ನೂರಕ್ಕೆ ನೂರು. ಎದ್ದು ಎಲ್ಲವನ್ನೂ ಹೇಳಿದೆ. ಫಾರ್ಮು, ಕುರಿ, ಅರವತ್ತೊಂದರ ಚಳಿಗಾಲ, ಏಳನೇ ಫೋಟೊ. ಯಾವತ್ತಿನಿಂದ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದು ಕಷ್ಟವಾಯಿತು.

ಬೀಗರು ಒಂದು ಬಾಗಿಲು ತೆರೆದು ಮುಚ್ಚಿದರು. ಸರಿಯಾಗಿ ಕೂತಿತು. ಚೌಕಟ್ಟಿಲ್ಲದ ಪೊಬೆದಾದ ಛಾವಣಿ ತೆಗೆದರೆ ನಡು ಬಾಗಿ ಬಾಗಿಲು ಹಾಕಲು ಬರುವುದಿಲ್ಲ. ಇದನ್ನು ಆ ಮೇಕೆ ಚೌಕಟ್ಟು ಹಿಡಿದು ನಿಲ್ಲಿಸಿದೆ.

“ಅಪ್ಪ ನನ್ನ ತಲೆ ಈ ಛಾವಣಿಗೆ ತಗಲದ ಹಾಗೆ ಕೈ ಅಡ್ಡ ಹಿಡಿಯೋರು, ಹೊಲದ ಮೇಲೆ ಹೋಗುವಾಗ” ಎಂದರು. ಆಮೇಲೆ, “ನನಗೆ ಗೊತ್ತಿತ್ತಲ್ಲ ಬೀಗ್ರೇ. ನಾನು ಕೂತ ಗಾಡಿ ನನಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಕತ್ತರಿಸಿದ್ರಿ?”

“ಸೊಸೆ ನಿಮ್ಮ ಮಗಳು. ಬಸುರಿ ಹುಡುಗಿ. ನಾನು ಅಸಲಿ ಅಂತೀನಿ, ನೀವು ನಕಲಿ ಅಂತೀರಿ, ಮನೇಲಿ ಅವಳು ಯಾರ ಮುಖ ನೋಡಬೇಕು? ಗಾಡಿ ಆ ಆಕಾರದಲ್ಲಿ ಕಣ್ಣ ಮುಂದೆ ನಿಂತಿದ್ರೆ ಯಾವತ್ತಾದ್ರೂ ಬಾಯಿ ಬಿಟ್ಟುಬಿಡ್ತಿದ್ದೆ. ಅದಕ್ಕೆ ಆಕಾರನೇ ತೆಗೆಸಿಬಿಟ್ಟೆ.”

ತುಂಬ ನಾಚಿಕೆಯಾಯಿತು.

ಹೊರಡುವಾಗ ಗೇಟಿನ ಹತ್ತಿರ ಒಂದು ಮಾತು ಕೇಳಿದರು. “ಇದನ್ನ ಯಾರಿಗೂ ಹೇಳ್ಬೇಡಿ. ತೊಕ್ತಾಸಿನ್ ತನ್ನ ಕೈಯಾರೆ ಅಸಲಿ ಗಾಡಿ ಕತ್ತರಿಸ್ಕೊಂಡ ದಡ್ಡ ಅಂತ ಅಂಗಳದಲ್ಲಿ ನಗ್ತಾರೆ. ಒಂದು ಸಲ ನಕ್ಕಿದ್ದು ಸಾಕು. ನಕಲಿ ಅಂತಲೇ ಇರ್ಲಿ.”

ಆಗಲಿ ಎಂದೆ.

ಮೇ 12, ಸೋಮವಾರ

ನಕ್ಷೆ ಬಂತು. ತೆರೆಯಲಿಲ್ಲ.

ಮೇ 13, ಮಂಗಳವಾರ

ಒಂದು ವಿಷಯ ಬರೆದಿಡಬೇಕು. ಬೀಗರು ಕೇಳಿದ ಹಾಗೆ ಸುಮ್ಮನಿದ್ದರೆ ನನ್ನ ಹೆಸರೂ ಉಳಿಯುತ್ತದೆ. ಮೂವತ್ತು ವರ್ಷದಲ್ಲಿ ಜೈನೊಲ್ಲಾನ ಕಣ್ಣು ತಪ್ಪಿದ್ದಿಲ್ಲ ಎಂಬ ಮಾತು ಹಾಗೇ ಇರುತ್ತದೆ. ಅವರ ಮಾನ ಕಾಪಾಡುತ್ತಿದ್ದೇನೋ ನನ್ನದನ್ನೋ ಎಂದು ಇಡೀ ದಿನ ಯೋಚಿಸಿದೆ. ರೌಶಾನ್‌ಳನ್ನು ಕೇಳೋಣವೆನ್ನಿಸಿತು, ಕೇಳಲಿಲ್ಲ. ಅವಳು ಏನು ಹೇಳುತ್ತಾಳೆಂದು ಗೊತ್ತು.

ಮೇ 17, ಶನಿವಾರ

ಅಂಗಳ ತುಂಬಿತ್ತು. ಬೀಗರು ಬಂದರು, ಐದು ವಾರದ ಮೇಲೆ. ಪೊಬೆದಾಕ್ಕೆ ಕೆನೆಬಣ್ಣ ಹೊಡೆಸಿ, ಬಂಪರಿಗೆ ರಿಬ್ಬನ್ ಕಟ್ಟಿ, ಯಾವುದೋ ವೋಲ್ಗಾದ ಹೊಳೆಯುವ ಪಟ್ಟಿಗಳನ್ನೆಲ್ಲ ಅಂಟಿಸಿದ್ದರು. ಜನ ಸಿಳ್ಳೆ ಹೊಡೆದರು. ಗೆನಾ, “ನಕಲಿಗೆ ನಕಲಿ ಒಡವೆ! ಸರಿಯಾಗಿ ಹೊಂದುತ್ತೆ!” ಎಂದ. ಬೀಗರೂ ನಕ್ಕು, “ಮದುಮಗಳಿಗೆ ಯಾರಾದ್ರೂ ಜನ್ಮಪತ್ರಿಕೆ ಕೇಳ್ತಾರೇನೋ?” ಎಂದರು.

ಕರಗಂದಾದಿಂದ ಒಬ್ಬ ಹುಡುಗಿ ಬಂದಿದ್ದಳು, ವಾರ್ವಾರ ಎಂದು ಹೆಸರು, ಮೂವತ್ತರ ಒಳಗಿನವಳು. ಹಳೆಯ ಗಾಡಿಗಳನ್ನು ಸರಿ ಮಾಡುವುದೇ ಅವಳ ಕಸುಬು. ಎಲ್ಲರೂ ಗಾಡಿಯ ಮೇಲ್ಭಾಗ ನೋಡುತ್ತಿದ್ದಾಗ ಅವಳೊಬ್ಬಳು ಕೆಳಗೆ ತೂರಿದಳು. ಬೂಟು ಮಾತ್ರ ಕಾಣುತ್ತಿತ್ತು. ಬೂಟು ಬಹಳ ಹೊತ್ತು ಅಲ್ಲಾಡಲಿಲ್ಲ.

ಎದ್ದು ಬಂದವಳ ಮುಖ ಬಿಳಿಚಿಕೊಂಡಿತ್ತು. “ಇದು ಎಂ-72. ಅಸಲಿ. ಇದನ್ನ ಕತ್ತರಿಸಿದ್ದು ಯಾರು?”

ಅಂಗಳಕ್ಕೆ ಅಂಗಳವೇ ನಕ್ಕಿತು. “ತಂಗೀ, ಅದರ ಕೆಳಗೆ ಮೇಕೆ ಮಲಗಿದೆ, ಕಾಣ್ಲಿಲ್ವಾ?” ಎಂದ ಒಬ್ಬ. “ಕರಗಂದಾದಲ್ಲಿ ಪೊಬೆದಾ ಇಲ್ಲ, ಕಲ್ಲಿದ್ದಲು ಮಾತ್ರ” ಎಂದ ಇನ್ನೊಬ್ಬ. ಅವಳು ಹಟ ಬಿಡಲಿಲ್ಲ. “ಚೌಕಟ್ಟಿನ ಮೇಲೆ ಕೈ ಹಾಕಿ ನೋಡಿ, ಬಲಪಟ್ಟಿ ಇದೆ. ಚೌಕಟ್ಟು ಆಮೇಲೆ ಹಾಕಿದ್ದು.” ಗೆನಾ ಕ್ಲಬ್ಬಿನ ಪುಸ್ತಕ ತೆರೆದು ತೋರಿಸಿದ. “ಇಲ್ಲಿ ಬರೆದಿದೆ ನೋಡಮ್ಮ, ಜೈನೊಲ್ಲಣ್ಣ ನೋಡಿ ಹೇಳಿದ್ದು. ಅವರು ಹೇಳಿದ್ಮೇಲೆ ಮುಗೀತು. ಅಲ್ವಾ ಅಣ್ಣಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಬೀಗರೂ ನೋಡಿದರು, ತಲೆಯನ್ನು ಸ್ವಲ್ಪ ಆಡಿಸಿದರು, ಬೇಡ ಎನ್ನುವ ಹಾಗೆ. ಹೌದು ಎಂದರೆ ಒಂದೇ ಮಾತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಂಗೈ ತುಂಬ ಎಣ್ಣೆ, ನನಗಿಂತ ಚೆನ್ನಾಗಿ ನೋಡಿದ್ದಳು, ಜನ ಅವಳನ್ನು ನೋಡಿ ನಗುತ್ತಿದ್ದರು. ಒಂದು ಮಾತಿಗೆ ಕಾಯುತ್ತಿದ್ದ ಅಂಥ ಮುಖವನ್ನು ಇದೇ ಅಂಗಳದಲ್ಲಿ ಹಿಂದೊಮ್ಮೆ ನಾನು ನೋಡದೆ ಬಿಟ್ಟಿದ್ದೆ.

“ಅವಳು ಹೇಳಿದ್ದು ಸರಿ” ಎಂದೆ.

ನಗು ಕೂಡಲೇ ನಿಲ್ಲಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಅದಕ್ಕೆ ಇನ್ನಷ್ಟು ಗಟ್ಟಿಯಾಗಿ ಹೇಳಿದೆ. “ಗಾಡಿ ಅಸಲಿ. ನಕಲಿ ಅಂದೋನು ನಾನು. ಬೀಗರು ಅವತ್ತೇ ಹೇಳಿದ್ರು, ನೀವೆಲ್ಲ ಕೇಳಿದೀರಿ. ನಾನು ಅವರ ಅಪ್ಪನ್ನ ತಮಾಷೆ ಮಾಡಿದೆ. ಅಸಲಿ ಅಂತ ಗೊತ್ತಿದ್ದೂ ಅವರು ನನ್ನ ಮಾತಿಗೆ ಎದುರಾಡ್ಲಿಲ್ಲ, ಬೀಗ ಅನ್ನೋ ಮರ್ಯಾದೆಗೆ ಛಾವಣಿನೇ ಕೊಟ್ರು. ತಪ್ಪು ಗೊತ್ತಾದ್ಮೇಲೂ ಒಂದು ವಾರ ನಾನು ಬಾಯಿ ಬಿಡ್ಲಿಲ್ಲ. ಕತ್ತರಿಸಿದ್ದು ಯಾರು ಅಂತ ಕೇಳ್ದಲ್ಲಮ್ಮ, ನಾನೇ.”

ಗೆನಾ ಪೆನ್ನು ಹಿಡಿದುಕೊಂಡು ಏನು ಬರೆಯಲಿ ಎಂಬಂತೆ ನಿಂತಿದ್ದ. ಇನ್ನು ಮುಂದೆ ಹುಡುಗಿಯನ್ನೇ ಕೇಳಿ ಬರೆದುಕೊ ಎಂದೆ. ಅವನು ಅವಳನ್ನು ಕೇಳಿದ. ಕೂಡಲೇ ಕೇಳಿದ, ನಾನು ಅಲ್ಲಿ ನಿಂತಿರುವಾಗಲೇ. ನನಗೆ ನೋವಾಯಿತು.

ಗೇಟಿನ ಕಡೆ ನಡೆದೆ. ಹಿಂದಿನಿಂದ ಪೊಬೆದಾ ಬಂದು ಪಕ್ಕದಲ್ಲಿ ನಿಂತಿತು. ಬೀಗರು ಎದುರಿನ ರಸ್ತೆ ನೋಡುತ್ತಲೇ ಹೇಳಿದರು:

“ಬೇಡ ಅಂದಿದ್ದೆ.”

“ಹೌದು.”

“ಮಾತು ಮುರಿದ್ರಿ.”

“ಹೌದು.”

“ಅಳಿಯ ನೂರು ವರ್ಷದ ನೆಂಟ, ಬೀಗ ಸಾವಿರ ವರ್ಷದ ನೆಂಟ ಅಂತಾರೆ. ಎರಡೇ ವರ್ಷ ಆಗಿರೋದು. ಇನ್ನು ಒಂಬೈನೂರ ತೊಂಬತ್ತೆಂಟು ವರ್ಷ ನಿಮ್ಮ ಜೊತೆ ಏಗಬೇಕಲ್ಲಪ್ಪ ನಾನು! ಹತ್ತಿ.”

ಹತ್ತಿದೆ. ತಲೆಯ ಮೇಲೆ ಏನೂ ಇರಲಿಲ್ಲ, ಗಾಳಿಗೆ ಕಣ್ಣಲ್ಲಿ ನೀರು ಬಂತು. ಎರಡು ರಸ್ತೆ ದಾಟಿದೆವು. ಸಿಗ್ನಲ್ಲಿನಲ್ಲಿ ಅವರು ಕೇಳಿದರು, “ನಿಜ ಹೇಳಿ ಬೀಗ್ರೇ. ಈಗ ಚೆಂದ ಕಾಣುತ್ತಾ?”

ಹಿಂದಕ್ಕೆ ತಿರುಗಿ ಚೆನ್ನಾಗಿ ನೋಡಿದೆ. “ಇಲ್ಲ. ಹಿಂಭಾಗ ವಿಕಾರವಾಗಿದೆ. ಆ ಹೊಳೆಯೋ ಪಟ್ಟಿಗಳಂತೂ ದೇವರೇ ಕಾಪಾಡಬೇಕು.”

“ವಿಕಾರಾನಾ? ನಿಮ್ಮ ಕಣ್ಣು ಬಿದ್ದೋಗಾ! ಆ ಪಟ್ಟಿ ಇಲ್ದಿದ್ರೆ ಇದು ಸ್ನಾನದ ತೊಟ್ಟಿ ಥರ ಕಾಣುತ್ತೆ. ಗಾಡಿ ಬಗ್ಗೆ ನಿಮಗೆ ಏನ್ರೀ ಗೊತ್ತು?”

ಹಸಿರು ದೀಪ ಬಂತು. ಬೀಗರು ಎಂಜಿನ್ ಆರಿಸಿ, ನನ್ನ ಕಡೆ ಪೂರ್ತಿ ತಿರುಗಿ ಕೂತರು. ಹಿಂದೆ ಬಸ್ಸಿನವನು ಹಾರ್ನ್ ಮಾಡುತ್ತಿದ್ದ. ಪಟ್ಟಿಯ ಗೆರೆ ಎಲ್ಲಿ ನಿಲ್ಲಬೇಕಿತ್ತು ಎಂದು ನಾನೂ ಬೆರಳಿಟ್ಟು ತೋರಿಸತೊಡಗಿದೆ.